ಶುಗರ್ ಲೆಕ್ಕಕ್ಕೆ ಫೋನ್ ಬಳಸುವುದು ಹೇಗೆ?

ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ 210 ತೋರಿಸುತ್ತದೆ. ಅದು ಊಟಕ್ಕೆ ಮೊದಲಿನದೋ, ಆಮೇಲಿನದೋ? ಬೆಳಗಿನ ಮಾತ್ರೆ ತಪ್ಪಿತ್ತೇ? ಜ್ವರ, ನಿದ್ದೆಗೇಡು ಏನಾದರೂ ಇತ್ತೇ? ಇವು ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಗಾಬರಿಯಾಗುತ್ತದೆಯೇ ಹೊರತು ಡಾಕ್ಟರಿಗೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಸಂಖ್ಯೆಯನ್ನೂ ಅದರ ಹಿಂದಿನ ಕಾರಣವನ್ನೂ ಒಟ್ಟಿಗೆ ಬರೆದಿಡಲು ಕೈಯಲ್ಲಿರುವ ಫೋನೇ ಸಾಕು.

ಅಲಾರಂನಿಂದ ಶುರು ಮಾಡಿ

ಹೊಸ ಆ್ಯಪ್ ಹುಡುಕುವ ಮುಂಚೆ ಫೋನಿನ ಗಡಿಯಾರವನ್ನೇ ಬಳಸಿ. ಮಾತ್ರೆಗೊಂದು, ಇನ್ಸುಲಿನ್‌ಗೊಂದು, ಪರೀಕ್ಷೆಗೊಂದು ಅಲಾರಂ ಇಟ್ಟು ಹೆಸರು ಕೊಡಿ. ಮಾತ್ರೆ ನುಂಗಿದ ಮೇಲೆಯೇ ಆಫ್ ಮಾಡಿ. ಇನ್ಸುಲಿನ್ ತೆಗೆದುಕೊಂಡರೆ ಆ ಕ್ಷಣವೇ ಗುರುತು ಹಾಕಿಕೊಳ್ಳಿ; ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೊಮ್ಮೆ ಚುಚ್ಚಿಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ರೀಡಿಂಗ್ ಜೋಡಿಯಾಗಿರಲಿ

ನನ್ನ ಪ್ರಕಾರ ಇದೇ ಮುಖ್ಯವಾದ ಹೆಜ್ಜೆ. ಬ್ಲೂಟೂತ್ ಇರುವ ಮೀಟರ್ ಆದರೆ ರೀಡಿಂಗ್ ತಾನಾಗಿ ಫೋನಿಗೆ ಬರುತ್ತದೆ; ಇಲ್ಲದಿದ್ದರೆ ಟೈಪ್ ಮಾಡಿದರಾಯಿತು. ಮೀಟರಿನ ದಿನಾಂಕ, ಸಮಯ ಸರಿಯಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆ್ಯಪ್ ಮತ್ತು ಮೀಟರಿನ ಅಳತೆ ಒಂದೇ ಇರಬೇಕು: ಮಿಲಿಮೋಲ್ (mmol/L) ಲೆಕ್ಕದ 7.8 ಎಂದರೆ ಮಿಲಿಗ್ರಾಂ (mg/dL) ಲೆಕ್ಕದಲ್ಲಿ ಸುಮಾರು 140. ಇಲ್ಲಿನ ಉಳಿದ ಶುಗರ್ ಸಂಖ್ಯೆಗಳೆಲ್ಲ ಮಿಲಿಗ್ರಾಂ ಲೆಕ್ಕದವು. ಬೆರಳು ಚುಚ್ಚುವ ಮುನ್ನ ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಮುಟ್ಟಿದ ಬೆರಳಿನಲ್ಲಿ ರೀಡಿಂಗ್ ಸುಳ್ಳೇ ಏರುತ್ತದೆ.

ಊಟಕ್ಕೆ ಕೂರುವ ಮುಂಚೆ ಒಂದು ರೀಡಿಂಗ್, ಮೊದಲ ತುತ್ತಿನಿಂದ ಎರಡು ಗಂಟೆ ಬಿಟ್ಟು ಇನ್ನೊಂದು. ನಡುವೆ ತಟ್ಟೆಯ ಒಂದು ಫೋಟೊ. ಮುಂಚೆ 118, ಆಮೇಲೆ 196 ಬಂತು ಎನ್ನಿ. ಆ ಊಟ 78 ಏರಿಸಿದೆ. ಇನ್ನೊಂದು ದಿನ ಅದೇ ಊಟ ಮಾಡಿ ಸ್ವಲ್ಪ ನಡೆದಾಡಿ, ಮತ್ತೆ ಅಳೆಯಿರಿ. ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ. ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರೊಳಗೆ ಎಂಬುದು ಸಾಮಾನ್ಯ ಗುರಿ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಗುರಿ ಬೇರೆ. ಅದನ್ನು ಡಾಕ್ಟರೇ ಹೇಳಬೇಕು.

ಸೆನ್ಸರ್ ಹಾಕಿಕೊಂಡಿದ್ದರೆ

ತೋಳಿಗೋ ಹೊಟ್ಟೆಗೋ ಅಂಟಿಸುವ ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಬೆವರು, ನಡುಕ ಇದ್ದೂ ಫೋನ್ ಎಲ್ಲ ಸರಿಯಿದೆ ಎಂದರೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ.

ಸಕ್ಕರೆ ಇಳಿದಾಗ ಫೋನ್ ಕೂಗಿಕೊಳ್ಳುತ್ತದೆ ಎಂಬ ಧೈರ್ಯದಿಂದಲೇ ಎಷ್ಟೋ ಜನ ರಾತ್ರಿ ಮಲಗುತ್ತಾರೆ. ಆದರೆ ಫೋನಿನ ಸೆಟ್ಟಿಂಗ್‌ನಿಂದಾಗಿ ಇಂಥ ಎಚ್ಚರಿಕೆ ಕೇಳಿಸದೇ ಹೋದ ಪ್ರಸಂಗಗಳಿವೆ. ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರ ಫೆಬ್ರುವರಿಯಲ್ಲಿ ಈ ಬಗ್ಗೆ ಎಚ್ಚರಿಸಿತು. ‘ಡು ನಾಟ್ ಡಿಸ್ಟರ್ಬ್’ ಆನ್ ಆಗಿದ್ದರೆ, ಫೋನ್ ಅಪ್‌ಡೇಟ್ ಆಗಿ ಅನುಮತಿ ಬದಲಾಗಿದ್ದರೆ, ಹೊಸದಾಗಿ ಜೋಡಿಸಿದ ಇಯರ್‌ಫೋನಿಗೆ ಸದ್ದು ಹೋಗುತ್ತಿದ್ದರೆ, ಬ್ಯಾಟರಿ ಉಳಿಸಲೆಂದು ಫೋನ್ ಆ್ಯಪನ್ನು ಮಲಗಿಸಿದ್ದರೆ ಅಲಾರಂ ತಪ್ಪಬಹುದು. ತಿಂಗಳಿಗೊಮ್ಮೆಯಾದರೂ ಈ ನಾಲ್ಕನ್ನೂ ಪರೀಕ್ಷಿಸಿ. ಪ್ರತಿ ಅಪ್‌ಡೇಟ್ ಆದ ದಿನವಂತೂ ತಪ್ಪಿಸಬೇಡಿ. ಮನೆಯ ಇನ್ನೊಬ್ಬರ ಫೋನಿಗೂ ಎಚ್ಚರಿಕೆ ಹೋಗುವಂತೆ ಮಾಡುವ ಸೌಲಭ್ಯವಿದ್ದರೆ ದಯವಿಟ್ಟು ಬಳಸಿ.

ಚರ್ಮ ಚುಚ್ಚದೆ, ಬರೀ ವಾಚ್ ಅಥವಾ ಉಂಗುರದಿಂದಲೇ ಶುಗರ್ ಅಳೆಯುತ್ತೇವೆ ಎನ್ನುವ ಜಾಹೀರಾತನ್ನು ನಂಬಬೇಡಿ. ತಾನು ಅಂಥ ಯಾವ ಸಾಧನಕ್ಕೂ ಅನುಮತಿ ಕೊಟ್ಟಿಲ್ಲವೆಂದು ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಹೇಳಿತ್ತು. ತಪ್ಪು ಸಂಖ್ಯೆ ನೋಡಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಕುತ್ತು.

ಡಾಕ್ಟರ್ ಬಳಿ ಹೋಗುವಾಗ

ಇಡೀ ವರ್ಷದ ಪಟ್ಟಿ ಬೇಡ. ಕೊನೆಯ ಎರಡು ವಾರದ ವರದಿ ಸಾಕು, ಜೊತೆಗೆ ಕಾಡುವ ಎರಡು ಮೂರು ಪ್ರಶ್ನೆ ಬರೆದುಕೊಳ್ಳಿ. ಆ್ಯಪ್ ತೋರಿಸುವ ಸರಾಸರಿಯನ್ನು ನೋಡಿ ಎಚ್‌ಬಿಎ1ಸಿ ಪರೀಕ್ಷೆ ಬಿಡಬೇಡಿ. ಅದು ಎರಡು ಮೂರು ತಿಂಗಳ ಸರಾಸರಿ ಮಟ್ಟವನ್ನು ಹೇಳುವ ಪರೀಕ್ಷೆ. ಆ್ಯಪ್ ಹೇಳಿತೆಂದು ಡೋಸ್ ಬದಲಿಸಲೂ ಬೇಡಿ.

ಕ್ಯಾಮೆರಾಗೂ ಕೆಲಸವಿದೆ

ಬಗ್ಗಿ ಅಂಗಾಲು ನೋಡಲಾಗದವರು ಫೋಟೊ ತೆಗೆದು ನೋಡಬಹುದು. ಬೆರಳಸಂದು, ಹಿಮ್ಮಡಿ, ಉಗುರಿನ ಅಂಚು ಬಿಡದೆ ದಿನವೂ ಗಮನಿಸಿ. ನರಕ್ಕೆ ಪೆಟ್ಟಾದ ಪಾದದಲ್ಲಿ ಗಾಯವಾದರೂ ನೋವು ಗೊತ್ತಾಗದು. ಗುಳ್ಳೆ, ಕೆಂಪು, ಬಿರುಕು ಕಂಡರೆ ಆ ಫೋಟೊವನ್ನು ಅಂದೇ ಡಾಕ್ಟರಿಗೆ ತೋರಿಸಿ.