ಹ್ಯಾಮ್ ರೇಡಿಯೋಗೆ ಹೆಡ್‌ಫೋನ್ ಹುಡುಕಿದ ನನ್ನ ಅನುಭವ

ನಾನು ಹ್ಯಾಮ್, ಅಂದರೆ ಹವ್ಯಾಸಕ್ಕೆಂದು ರೇಡಿಯೋ ಮೂಲಕ ದೂರದವರ ಜೊತೆ ಮಾತಾಡುವವನು. ನನ್ನ ರಿಗ್ (ಮಾತು ಕಳಿಸುವ, ಕೇಳಿಸುವ ರೇಡಿಯೋ) ಇರುವುದು ಮಲಗುವ ಕೋಣೆಯ ಮೂಲೆಯಲ್ಲಿ. ಉಡುಪಿಯ ಚಿಕ್ಕ ಮನೆ, ಬೇರೆ ಜಾಗ ಇಲ್ಲ. ಹಗಲು ಕೆಲಸ, ಹಾಗಾಗಿ ರೇಡಿಯೋ ಮುಂದೆ ಕೂರುವುದೇ ರಾತ್ರಿ ಹತ್ತರ ಮೇಲೆ. ನಾವು ಹ್ಯಾಮ್‌ಗಳು ಬಳಸುವ 40 ಮೀಟರ್ ತರಂಗಾಂತರದ ಬ್ಯಾಂಡ್‌ನಲ್ಲಿ ದೂರದ ಸ್ಟೇಷನ್‌ಗಳು ಸಿಗುವುದೂ ಕತ್ತಲಾದ ಮೇಲೆಯೇ ಅಲ್ವಾ. ಎರಡು ರಾತ್ರಿ ಸ್ಪೀಕರ್ ಹಾಕಿಕೊಂಡು ಕೂತೆ. ಮೂರನೇ ರಾತ್ರಿ ಹೆಂಡತಿ, "ಇಷ್ಟು ಹೊತ್ತಿಗೆ ಎಂತ ಒಗ್ಗರಣೆ ನಿಮ್ಮದು?" ಎಂದು ಕೇಳಿ, ದಿಂಬು ಎತ್ತಿಕೊಂಡು ಅಮ್ಮನ ಕೋಣೆಗೆ ಹೋದಳು. ಹೆಡ್‌ಫೋನ್ ಹುಡುಕಾಟ ಶುರುವಾದದ್ದು ಹಾಗೆ.

ಮನೆಯಲ್ಲಿ ಹಾಡು ಕೇಳುವ ಬ್ಲೂಟೂತ್ ಹೆಡ್‌ಫೋನ್ ಇತ್ತು. ಒಳ್ಳೇ ಬಾಸ್, ಮೇಲಿಂದ ನಾಯ್ಸ್ ಕ್ಯಾನ್ಸಲಿಂಗ್. ರೇಡಿಯೋದ ಕರಕರ ಸದ್ದನ್ನೂ ಇದು ಕ್ಯಾನ್ಸಲ್ ಮಾಡುತ್ತದೆ ಎಂದುಕೊಂಡಿದ್ದೆ, ನಗಬೇಡಿ. ಅದರ ಮೈಕ್ ಕೇಳಿಸಿಕೊಳ್ಳುವುದು ಕೋಣೆಯ ಫ್ಯಾನ್ ಸದ್ದನ್ನು. ಆಂಟೆನಾದಿಂದ ಒಳಗೆ ಬಂದ ಗದ್ದಲ ಅದರ ಮಟ್ಟಿಗೆ ಹಾಡೇ. ಫ್ಯಾನ್ ಸುಮ್ಮನಾಯಿತು, ಕರಕರ ಇನ್ನೂ ಸ್ಪಷ್ಟವಾಗಿ ಕೇಳಿಸಿತು!

ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಹೊಡೆಯಲು ಕೂತಾಗ ಅದಕ್ಕಿಂತ ದೊಡ್ಡ ಫಜೀತಿ. ರಿಗ್‌ಗೆ ಬ್ಲೂಟೂತ್ ಇಲ್ಲ, ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಸಿಕ್ಕಿಸಿದ್ದೆ. ಕೀ ಒತ್ತಿದ ಮೇಲೆ ಆ ಟೋನ್ ಕಿವಿಗೆ ಬರುವಷ್ಟರಲ್ಲಿ ಬೆರಳು ಮುಂದಿನ ಡಿಟ್‌ಗೆ, ಅಂದರೆ ಚುಕ್ಕೆಗೆ, ಹೋಗಿರುತ್ತಿತ್ತು. ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಸಾಕು, ಕೈ ತಡವರಿಸುತ್ತದೆ. ಅವತ್ತಿಗೇ ವೈರ್ ಇಲ್ಲದ್ದು ಬೇಡ ಎಂದು ತೀರ್ಮಾನ ಮಾಡಿದೆ.

ಬಾಸ್ ವಿಷಯ ಮಾತ್ರ ತಡವಾಗಿ ಗೊತ್ತಾಯಿತು. ಎಸ್‌ಎಸ್‌ಬಿಯಲ್ಲಿ (ಹ್ಯಾಮ್‌ಗಳು ಮಾತು ಕಳಿಸುವ ಒಂದು ವಿಧಾನ) ನಮ್ಮ ಮಾತು ಹೋಗುವುದು ಸುಮಾರು 300ರಿಂದ 2,700 ಹರ್ಟ್ಜ್ ಒಳಗೆ, ಅಷ್ಟೇ. ಹೆಡ್‌ಫೋನ್ ಡಬ್ಬದ ಮೇಲೆ ಬರೆದಿರುವ 20ರಿಂದ 20,000 ಹರ್ಟ್ಜ್‌ನಲ್ಲಿ ಉಳಿದದ್ದೆಲ್ಲ ಹ್ಯಾಮ್‌ಗೆ ದಂಡ. ಕೆಳಗೆ ಇರುವುದು ಪವರ್ ಸಪ್ಲೈನ ಹಮ್, ಮೇಲೆ ಇರುವುದು ರಿಗ್‌ನ ಆಂಪ್ಲಿಫೈಯರ್ ಹೊರಡಿಸುವ ಸುಯ್ ಸದ್ದು. ಬಾಸ್ ಹೆಡ್‌ಫೋನ್ ಹಮ್ಮನ್ನು ದಪ್ಪ ಮಾಡುತ್ತದೆ, ಗಂಡಸರ ದನಿ ಕೊಡಪಾನದೊಳಗಿಂದ ಮಾತಾಡಿದ ಹಾಗಾಗುತ್ತದೆ. ಇನ್ನೊಂದು ಮಾತು. ಇಂಗ್ಲಿಷ್‌ನ ಎಸ್, ಎಫ್ ಅಕ್ಷರಗಳನ್ನು ಬೇರೆ ಮಾಡಿ ತೋರಿಸುವ ಸದ್ದು ಬಹುಪಾಲು 3,000 ಹರ್ಟ್ಜ್‌ನ ಮೇಲೆ ಇರುತ್ತದೆ. ಅದು ಫಿಲ್ಟರ್‌ನಲ್ಲೇ ಕತ್ತರಿಸಿ ಹೋಗಿರುತ್ತದೆ. ಎಷ್ಟು ಸಾವಿರ ಕೊಟ್ಟ ಹೆಡ್‌ಫೋನೂ ಅದನ್ನು ವಾಪಸ್ ತರುವುದಿಲ್ಲ. ಅದಕ್ಕೇ ನಾವು ಎಸ್‌ಗೆ ಸಿಯೆರಾ, ಎಫ್‌ಗೆ ಫಾಕ್ಸ್‌ಟ್ರಾಟ್ ಅನ್ನುವುದು.

ಎರಡನೇ ಪ್ರಯೋಗ ಮೊಬೈಲ್ ಇಯರ್‌ಫೋನ್. ಕಿವಿಯೊಳಗೆ ತೂರಿಸುವಂಥದ್ದು, 16 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಲೆಕ್ಕ), ಸಣ್ಣ ಸದ್ದಿಗೂ ಜೀವ ಬರುವ ಜಾತಿ. ವಾಲ್ಯೂಮ್ ಸೊನ್ನೆ ಮಾಡಿದರೂ ಸುಯ್ ಅನ್ನುತ್ತಲೇ ಇತ್ತು. ಮೈಕ್ ಇರುವ ಪಿನ್ ಆದ್ದರಿಂದ ನನ್ನ ರಿಗ್‌ನ ಸಾಕೆಟ್‌ಗೆ ಸರಿಯಾಗಿ ಕೂರಲೂ ಇಲ್ಲ. ಸ್ವಲ್ಪ ಹೊರಗೆ ಎಳೆದು ಹಿಡಿದರೆ ಮಾತ್ರ ಪೂರ್ತಿ ಕೇಳಿಸುತ್ತಿತ್ತು. ಒಂದು ವಾರ ರಬ್ಬರ್‌ಬ್ಯಾಂಡ್ ಕಟ್ಟಿ ನಡೆಸಿದೆ.

ಆಗ ಬೆಳಗಿನ ನೆಟ್‌ನಲ್ಲಿ (ಹ್ಯಾಮ್‌ಗಳು ರೇಡಿಯೋದಲ್ಲೇ ಸೇರುವ ಕೂಟ) ಪರಿಚಯವಾದ ಹಿರಿಯರೊಬ್ಬರು ಮನೆಗೆ ಬಂದರು. "ಕಿವಿಗೆ ಎಂತ ಹಾಕ್ಕೊಂಡಿದ್ದೀರಿ ಮಾರಾಯ್ರೆ?" ಎಂದು ಕೇಳಿ, ಮರುದಿನ ತಮ್ಮ ಸೋನಿ ಎಂಡಿಆರ್-7506 ಕಳಿಸಿಕೊಟ್ಟರು. 1991ರಿಂದ ಬರುತ್ತಿರುವ ಸ್ಟುಡಿಯೋ ಹೆಡ್‌ಫೋನ್ ಅದು. 63 ಓಮ್, ಸುರುಳಿ ವೈರ್. ಹಾಕಿಕೊಂಡ ಕೂಡಲೇ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸಿದವು. ಆದರೆ ಅದು ಮೇಲಿನ ಸದ್ದನ್ನೂ ಬಿಡದೆ ತೋರಿಸುವ ಹೆಡ್‌ಫೋನ್, ಒಂದು ಗಂಟೆ ಆದ ಮೇಲೆ ಆ ಸುಯ್ ತಲೆಗೆ ಹತ್ತಿತು. ಕಿವಿ ಪೂರ್ತಿ ಮುಚ್ಚುತ್ತದೆ ಬೇರೆ. ನಮ್ಮ ಊರಿನ ಸೆಕೆಯಲ್ಲಿ ಅದೊಂದು ಶಿಕ್ಷೆ.

ಅಷ್ಟರಲ್ಲಿ ಒಂದು ಅಂಗಡಿಯಲ್ಲಿ ಕಾಲ್ ಸೆಂಟರ್‌ನವರು ಹಾಕುವಂಥ ಹಗುರ ಹೆಡ್‌ಸೆಟ್ ಕಣ್ಣಿಗೆ ಬಿತ್ತು. ಸ್ಪಂಜಿನ ಪ್ಯಾಡ್, 32 ಓಮ್. ಮಾತಿಗೆಂದೇ ಮಾಡಿದ್ದಲ್ವಾ, ನೋಡೇ ಬಿಡೋಣ ಎಂದು ತಂದೆ.

ಸುಮ್ನೆ ಕೇಳಿ ಹೇಳಿದರೆ ದುಡ್ಡು ಕೊಟ್ಟದ್ದೇ ಚೆನ್ನಾಗಿ ಕೇಳಿಸುತ್ತದೆ. ಅದಕ್ಕೆ 20 ಮೀಟರ್ ಬ್ಯಾಂಡ್‌ನಲ್ಲಿ ಗದ್ದಲದ ನಡುವೆ ಕೂಗುತ್ತಿದ್ದ 25 ಕಾಲ್‌ಸೈನ್‌ಗಳನ್ನು (ಹ್ಯಾಮ್‌ಗಳ ಗುರುತಿನ ಅಕ್ಷರ-ಅಂಕಿ) ರೆಕಾರ್ಡ್ ಮಾಡಿದೆ. ಒಂದನ್ನೇ ಮತ್ತೆ ಮತ್ತೆ ಕೇಳಿದರೆ ಬಾಯಿಪಾಠ ಆಗುತ್ತದೆ. ಹಾಗಾಗಿ ಮಗಳು ಅದನ್ನು ತುಂಡು ಮಾಡಿ, ಹಿಂದುಮುಂದು ಮಾಡಿ, ನಡುವೆ ವಾರ ಬಿಟ್ಟು ಬಿಟ್ಟು ಕೇಳಿಸಿದಳು. ನಾನು ಬರೆದುಕೊಂಡೆ, ಅವಳು ಟೀಚರ್ ಹಾಗೆ ಕೆಂಪು ಪೆನ್ನಲ್ಲಿ ತಿದ್ದಿದಳು. ಬ್ಲೂಟೂತ್ ಬಾಸ್‌ನಲ್ಲಿ 14 ಸರಿ. ಸ್ಟುಡಿಯೋದಲ್ಲಿ 19. ಕಾಲ್ ಸೆಂಟರ್‌ನಲ್ಲೂ 19. ಇದೇನೂ ಲ್ಯಾಬ್ ಪರೀಕ್ಷೆ ಅಲ್ಲ, ನನ್ನ ಐವತ್ತು ದಾಟಿದ ಕಿವಿಯ ಲೆಕ್ಕ. ಆದರೆ ಸೋನಿಯನ್ನು ಒರೆಸಿ ವಾಪಸ್ ಕೊಡಲು ಅಷ್ಟು ಸಾಕಾಯಿತು. ಎರಡೂ ಸಮ ಅಂದ ಮೇಲೆ ಹಗುರ ಇರುವುದೇ ಗೆದ್ದಂತೆ. ಕನ್ನಡಕ ಹಾಕುವವರಿಗೆ ಇದು ಗೊತ್ತು: ಬಿಗಿ ಹೆಡ್‌ಫೋನ್ ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಒತ್ತಿ ಒತ್ತಿ, ಎರಡು ಗಂಟೆಯಲ್ಲಿ ತಲೆನೋವು ತರಿಸುತ್ತದೆ. 48 ಗಂಟೆಯ ಕಾಂಟೆಸ್ಟ್‌ಗೆ (ಯಾರು ಹೆಚ್ಚು ಸ್ಟೇಷನ್ ಹಿಡಿಯುತ್ತಾರೆ ಎನ್ನುವ ಸ್ಪರ್ಧೆ) ಕೂರುವವರು ಮೊದಲು ನೋಡಬೇಕಾದ್ದು ಇದನ್ನೇ.

ಕೊಂಡ ಮೇಲೂ ಎರಡು ರಿಪೇರಿ ಆಯಿತು. 100 ವ್ಯಾಟ್‌ನಲ್ಲಿ ಮಾತಾಡಿದಾಗ ನನ್ನ ದನಿಯೇ ಕಿವಿಯಲ್ಲಿ ಗೊರಗೊರ ಅನ್ನುತ್ತಿತ್ತು. ಹೆಡ್‌ಫೋನ್ ವೈರ್ ಆಂಟೆನಾ ಥರ ಆರ್‌ಎಫ್ (ರಿಗ್ ಕಳಿಸುವ ರೇಡಿಯೋ ತರಂಗ) ಹಿಡಿಯುತ್ತಿತ್ತು. ವೈರನ್ನು ಫೆರೈಟ್ ರಿಂಗ್‌ಗೆ (ಆರ್‌ಎಫ್ ತಡೆಯುವ ಕಾಂತೀಯ ಬಳೆ) ಎಂಟು ಸುತ್ತು ಸುತ್ತಿದ ಮೇಲೆ ನಿಂತಿತು. ಮಳೆಗಾಲದ ಮುಂಚೆ ದೂರದ ಮಿಂಚಿನ ಟಪ್ ಟಪ್ ಕಿವಿಗೆ ಬಡಿಯುತ್ತಿತ್ತಲ್ಲ, ಅದಕ್ಕೆ ಎರಡೂ ಕಡೆಯ ವೈರ್‌ಗೆ ಸೀರೀಸ್‌ನಲ್ಲಿ ಒಂದೊಂದು 47 ಓಮ್ ರೆಸಿಸ್ಟರ್ ಹಾಕಿ, ಅದರಾಚೆ ಗ್ರೌಂಡ್‌ಗೆ 1ಎನ್4148 ಡಯೋಡ್ ಎರಡೆರಡು ಎದುರುಬದುರಾಗಿ ಜೋಡಿಸಿದೆ. ಸುಮಾರು 0.6 ವೋಲ್ಟ್ ದಾಟಿದ್ದನ್ನು ಅವು ಅಲ್ಲೇ ಕತ್ತರಿಸುತ್ತವೆ. ಇದು ಕಿವಿಗೆ ಮಾತ್ರ. ಗುಡುಗು ಹತ್ತಿರ ಬಂದರೆ ಆಂಟೆನಾ ಕೇಬಲ್ ಕಳಚಿ ಎದ್ದುಬಿಡುವುದೇ.

ಸ್ಪಂಜು ಮಾತ್ರ ಬೆವರಿಗೆ ಎರಡು ತಿಂಗಳಲ್ಲಿ ಪುಡಿಯಾಯಿತು. ಈಗ ಹೆಂಡತಿ ನನ್ನ ಹಳೇ ಬನಿಯನ್ ಕತ್ತರಿಸಿ, ಸುತ್ತ ಇಲಾಸ್ಟಿಕ್ ಹಾಕಿ ನಾಲ್ಕು ಜೊತೆ ಕವರ್ ಹೊಲಿದುಕೊಟ್ಟಿದ್ದಾಳೆ. ಒಂದು ಜೊತೆ ಹೆಡ್‌ಸೆಟ್ ಮೇಲೆ, ಒಂದು ಜೊತೆ ಆಂಟೆನಾ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿರುತ್ತದೆ.