ವಾರ್ಮಪ್ ಹೊತ್ತಲ್ಲಿ ನಾನು ಜೆರಾಕ್ಸ್ ಹುಡುಕುತ್ತಿದ್ದೆ

ಹಾಸನದಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ಫುಟ್‌ಬಾಲ್ ತಂಡವೊಂದಕ್ಕೆ ನಾನು ಹೆಡ್ ಕೋಚ್. ಹೆಸರು ಕೇಳೋಕೆ ಚೆನ್ನಾಗಿದೆ. ಆದರೆ ಮೊದಲ ಎರಡು ವರ್ಷ ನನ್ನ ಕೈಯಲ್ಲಿ ವಿಸಿಲ್‌ಗಿಂತ ಜಾಸ್ತಿ ಹೊತ್ತು ಇದ್ದದ್ದು ಒಂದು ಪ್ಲಾಸ್ಟಿಕ್ ಫೈಲು.

ಆ ಫೈಲಿನಿಂದಲೇ ಒಂದು ಸಲ ಮಾನ ಹೋಯಿತು. ಬೆಂಗಳೂರಿನಲ್ಲಿ ಪಂದ್ಯ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಹಾಸನ ಬಿಟ್ಟಿದ್ದೆವು. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಹುಡುಗರೆಲ್ಲ ನಿದ್ದೆ. ನಾನು ಮಾತ್ರ ಟೆಂಪೊದ ಲೈಟಿನಲ್ಲಿ ಆಧಾರ್ ಪ್ರತಿಗಳನ್ನು ಎಣಿಸುತ್ತಾ ಕೂತಿದ್ದೆ. ಹದಿನೆಂಟು ಇರಬೇಕು, ಹದಿನೇಳೇ ಇವೆ. ಮೈದಾನ ತಲುಪಿದ ಮೇಲೆ ಹುಡುಗರಿಗೆ 'ನೀವು ವಾರ್ಮಪ್ ಶುರು ಮಾಡ್ರೋ' ಅಂತ ಹೇಳಿ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಓಡಿದೆ. ಬರುವಷ್ಟರಲ್ಲಿ ಹುಡುಗರು ಸಾಲಾಗಿ ನಿಂತಿದ್ದರು.

ನಮ್ಮ ಲೆಫ್ಟ್ ಬ್ಯಾಕ್‌ಗೆ ಹಿಂದಿನ ದಿನವೇ ಕಾಲಿನ ಗಿಣ್ಣು ಉಳುಕಿತ್ತಂತೆ. ಆಡಲು ಬಿಡಲ್ಲ ಅಂತ ಭಯಪಟ್ಟು ಹೇಳಿರಲಿಲ್ಲ. ವಾರ್ಮಪ್‌ನಲ್ಲಿ ಅವನು ಎಡಗಾಲು ಊರುತ್ತಿದ್ದ ರೀತಿ ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನೋಡಬೇಕಾದವನು ಅಲ್ಲಿರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಕುಸಿದು ಕೂತ. ಆರು ವಾರ ಆಟ ಬಂದ್. ತಪ್ಪು ಅವನದಲ್ಲ, ನನ್ನದು. ಕಳೆದ ಪ್ರತಿ ಆಮೇಲೆ ನನ್ನ ಬ್ಯಾಗಿನಲ್ಲೇ ಸಿಕ್ಕಿತು, ಅದು ಬೇರೆ ಮಾತು.

ಕಾಗದದ ಕೆಲಸ ಬೇಡ ಅನ್ನುವ ಹಾಗಿಲ್ಲ. ಆಟಗಾರರ ನೋಂದಣಿ ಈಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಸಿಆರ್‌ಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗಬೇಕು. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಇದರ ನಡುವೆ ಒಬ್ಬ ತಂದೆ ಮೆಲ್ಲಗೆ, 'ಸರ್, ಒಂದು ವರ್ಷ ಕಮ್ಮಿ ಮಾಡಿಸಿದ್ರೆ ಇನ್ನೊಂದು ಸೀಸನ್ ಆಡ್ತಾನಲ್ವಾ?' ಅಂದರು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಟಿಡಬ್ಲ್ಯೂ3 ಪರೀಕ್ಷೆ ಇದೆ ಅಂತ ವಿವರಿಸಿದೆ. ಪರೀಕ್ಷೆ ಇಲ್ಲದಿದ್ದರೂ ನಾನು ಮಾಡುತ್ತಿರಲಿಲ್ಲ. ಆದರೆ ಎಕ್ಸ್‌ರೇ ಅಂದ ಕೂಡಲೇ ಮಾತು ಬೇಗ ಮುಗಿಯುತ್ತದೆ.

ಗಿಣ್ಣಿನ ಪ್ರಕರಣ ಆದ ಮೇಲೆ ಫೈಲನ್ನು ಒಬ್ಬ ಹುಡುಗನ ತಾಯಿಗೆ ಕೊಟ್ಟೆ. ಅವರು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವರು. ಒಂದೇ ವಾರದಲ್ಲಿ ಪ್ರತಿ ಹುಡುಗನಿಗೂ ಒಂದೊಂದು ಕವರ್, ಮೇಲೆ ಹೆಸರು, ಒಳಗೆ ಮೂರು ಮೂರು ಪ್ರತಿ. ಎರಡು ವರ್ಷ ನಾನು ಒದ್ದಾಡಿದ್ದು ಅಷ್ಟೇ ಕೆಲಸ! ಬಾಲು, ಪಂಪು, ಕೋನ್, ಬಿಬ್ ಇವೆಲ್ಲ ಇಬ್ಬರು ಹುಡುಗರ ಜವಾಬ್ದಾರಿ. ಮರೆತು ಬಂದರೆ ಅವರಿಬ್ಬರೇ ವಾಪಸ್ ಹೋಗಿ ತರಬೇಕು.

ಫೋನು ಇನ್ನೊಂದು ಕಾಟ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತಲ್ಲ, 54 ವರ್ಷ ಆದ ಮೇಲೆ. ನನಗೂ ಕಣ್ಣು ತುಂಬಿ ಬಂದಿತ್ತು. ಮಾರನೇ ದಿನದಿಂದ ಅಪ್ಪಂದಿರ ಫೋನು ಶುರು: 'ನಮ್ಮ ಹುಡುಗ ಸ್ಟೇಟ್ ಟೀಮಿಗೆ ಯಾವಾಗ ಸರ್?' ಊಟಕ್ಕೆ ಕೂತರೆ ಫೋನು, ಗಾಡಿ ಓಡಿಸುವಾಗ ಫೋನು. ಈಗ ರಾತ್ರಿ ಎಂಟರಿಂದ ಎಂಟೂವರೆ ಮಾತ್ರ ಎತ್ತುತ್ತೇನೆ. ಯಾರನ್ನು ಆಡಿಸಿದೆ, ಯಾಕೆ ಆಡಿಸಲಿಲ್ಲ ಅನ್ನುವ ಮಾತನ್ನು ಪಂದ್ಯದ ದಿನ ಆಡುವುದೇ ಇಲ್ಲ. ಕೆಲವರಿಗೆ ಬೇಜಾರಾಯಿತು. ಒಬ್ಬರು ಮಗನನ್ನು ಬಿಡಿಸಿಕೊಂಡೂ ಹೋದರು. ಒಳ್ಳೆಯ ವಿಂಗರ್. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೈದಾನದ ವಿಷಯ ಬರೆದರೆ ಮುಗಿಯುವುದಿಲ್ಲ. ಬೆಳಿಗ್ಗೆ ವಾಕಿಂಗ್‌ನವರು, ಸಂಜೆ ಟೆನಿಸ್ ಬಾಲ್ ಕ್ರಿಕೆಟ್‌ನವರು, ಆಗಸ್ಟ್ 15 ಹತ್ತಿರ ಬಂದರೆ ಪರೇಡ್ ತಾಲೀಮು. ಮೊದಲ ವರ್ಷ ನಾನು ಬುದ್ಧಿವಂತನ ಹಾಗೆ ದೀಪಾವಳಿ ರಜೆಯಲ್ಲಿ ಸ್ನೇಹಪಂದ್ಯ ಇಟ್ಟುಕೊಂಡಿದ್ದೆ. ಹಾಸನಾಂಬೆ ಬಾಗಿಲು ತೆಗೆಯುವುದೇ ವರ್ಷಕ್ಕೊಮ್ಮೆ, ಅದೂ ಅದೇ ದಿನಗಳಲ್ಲಿ. ಊರಿನಲ್ಲೇ ಹುಟ್ಟಿದವನಿಗೆ ಇದು ನೆನಪಾಗಲಿಲ್ಲ ಅಂದರೆ ಏನು ಹೇಳೋದು! ಅರಸೀಕೆರೆಯಿಂದ ಬಂದ ತಂಡ ಬ್ಯಾರಿಕೇಡು ಸುತ್ತಿ ಸುತ್ತಿ ಮಧ್ಯಾಹ್ನ ಬಂತು. ಈಗ ಸೀಸನ್ ಯೋಜನೆ ಹಾಕುವ ಮೊದಲು ಗೋಡೆಯ ಕ್ಯಾಲೆಂಡರ್ ಬಿಚ್ಚಿ ಮುಂದಿಟ್ಟುಕೊಳ್ಳುತ್ತೇನೆ.

ಜರ್ಸಿ ಕೊಡಿಸಿದವರೊಬ್ಬರು ತಮ್ಮ ಅಕ್ಕನ ಮಗನನ್ನು ಹನ್ನೊಂದರಲ್ಲಿ ಸೇರಿಸಿ ಅಂದರು. ಸೇರಿಸಲಿಲ್ಲ. ಮುಂದಿನ ವರ್ಷ ಹಳೇ ಜರ್ಸಿಯಲ್ಲೇ ಆಡಿದೆವು.

ಇಷ್ಟೆಲ್ಲ ಬೇರೆಯವರಿಗೆ ಹಂಚಬಹುದು, ಇಲ್ಲ ಅನ್ನಬಹುದು. ಹುಡುಗರ ಮನೆಗೆ ಹೋಗುವುದನ್ನು ಮಾತ್ರ ನಾನು ಯಾರಿಗೂ ಕೊಟ್ಟಿಲ್ಲ. ನಮ್ಮ ಗೋಲ್‌ಕೀಪರ್ ಸಕಲೇಶಪುರದ ಕಡೆಯವನು. ಇಲ್ಲೇ ಹಾಸ್ಟೆಲ್‌ನಲ್ಲಿದ್ದು ಓದುತ್ತಾನೆ. ಜನವರಿಯಲ್ಲಿ ಎರಡು ಭಾನುವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ಆಟ ಬಿಟ್ಟನೇನೋ ಅಂದುಕೊಂಡು ಬಸ್ಸು ಹತ್ತಿ ಹೋದೆ.

ಮನೆ ಮುಂದಿನ ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಹುಡುಗ ಕುಂಟೆ ಹಿಡಿದು ಕೆದಕುತ್ತಿದ್ದವನು ನನ್ನನ್ನು ನೋಡಿ ಒಳಗೆ ಓಡಿದ. ಅವನ ತಾಯಿ ಬೆಲ್ಲದ ಕಾಫಿ ಕೊಟ್ಟು, 'ಮೂರು ಎಕರೆ ತೋಟ ಸಾರ್, ಆಳು ಸಿಗಲ್ಲ. ಹಣ್ಣು ಉದುರೋದ್ರೆ ವರ್ಷದ ದುಡಿಮೆ ಹೋಯ್ತು' ಅಂದರು. ಶಿಸ್ತು, ಬದ್ಧತೆ ಅಂತ ಬಸ್ಸಿನಲ್ಲಿ ಒಂದು ಭಾಷಣ ರೆಡಿ ಮಾಡಿಕೊಂಡಿದ್ದೆ. ಸುಮ್ನೆ ಕಾಫಿ ಕುಡಿದೆ.

'ಕುಯ್ಲು ಮುಗಿಯೋಕೆ ಎಷ್ಟು ದಿನ ಬೇಕು ಅಮ್ಮಾ?'

'ಇನ್ನು ಎರಡು ವಾರ ಸಾರ್.'

ಎರಡು ವಾರ ಎರಡನೇ ಕೀಪರ್ ಆಡಿದ. ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಬಿಟ್ಟ. ಎರಡನೆಯದರಲ್ಲಿ ಒಂದು. ಮೂರನೇ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮೈದಾನಕ್ಕೆ ಹೋದರೆ ಗೋಲ್ ಕಂಬದ ಹತ್ತಿರ ಒಬ್ಬನೇ ನಿಂತಿದ್ದ. ಬೆರಳೆಲ್ಲ ಕಾಫಿ ಕರೆ ಹಿಡಿದು ಕಪ್ಪಾಗಿತ್ತು. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು, 'ಅಮ್ಮ ಕೊಟ್ರು ಸರ್, ಕಾಫಿ ಪುಡಿ' ಅಂದು ಗ್ಲೌಸ್ ಹಾಕಿಕೊಳ್ಳತೊಡಗಿದ.