ಪರಿಹಾರ ಕೇಂದ್ರದ ಹಿಂದಿನ ಗೋಡೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಜರಿದಾಗ ನಮ್ಮ ಮನೆ ಹೋಯಿತು, ಕಾಫಿ ತೋಟದ ಮುಕ್ಕಾಲು ಪಾಲೂ ಹೋಯಿತು. ಉಟ್ಟ ಬಟ್ಟೆಯಲ್ಲೇ ಮಡಿಕೇರಿಯ ಪರಿಹಾರ ಕೇಂದ್ರ ಸೇರಿದೆವು. ಊಟಕ್ಕೆ, ಕಂಬಳಿಗೆ ಕೊರತೆ ಇರಲಿಲ್ಲ. ನಿದ್ದೆ ಮಾತ್ರ ಇಲ್ಲ. ಶೀಟಿನ ಮೇಲೆ ಮಳೆ ಜೋರಾದರೆ ಸಾಕು, ಎದ್ದು ಕೂರುತ್ತಿದ್ದೆ.

ಆಗ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್. ಹಾಕಿ ತಂಡದಲ್ಲಿ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇದ್ದರು. ಒಂದು ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಹತ್ತಿಪ್ಪತ್ತು ಜನ ಮುತ್ತಿಕೊಂಡೆವು. ಆಗಸ್ಟ್ 22ರಂದು ಹಾಂಗ್‌ಕಾಂಗ್ ಮೇಲೆ 26-0! ಹದಿನೈದು ಗೋಲಾದ ಮೇಲೆ ಪಕ್ಕದ ಹಾಸಿಗೆಯ ಅಜ್ಜ, "ಸಾಕು ಬಿಡ್ರಪ್ಪಾ, ಆ ಹುಡುಗ್ರೂ ಮನೆಗೆ ಹೋಗ್ಬೇಕಲ್ವಾ" ಎಂದರು. ಎಲ್ಲರೂ ನಕ್ಕೆವು. ಮನೆ ಅನ್ನೋ ಮಾತು ಆಮೇಲೆ ತಾಗಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಜ್ಜನೇ, "ಈಗೆಷ್ಟು?" ಎಂದು ಕೇಳಿದರು. ಸೆಮಿಫೈನಲ್‌ನಲ್ಲಿ ಮಲೇಷ್ಯಾಕ್ಕೆ ಶೂಟೌಟ್‌ನಲ್ಲಿ ಸೋತ ದಿನ ಬಾಯಿಗೆ ಬಂದಂತೆ ಬೈದೆವು. ಎರಡು ವಾರದಲ್ಲಿ ಮಳೆಯನ್ನು ಬಿಟ್ಟು ಬೇರೇನನ್ನೋ ಬೈದದ್ದು ಅದೇ ಮೊದಲು.

ಗೆಳೆಯನೊಬ್ಬ ಎರಡು ಹಳೇ ಸ್ಟಿಕ್ ತಂದುಕೊಟ್ಟ. ಮಳೆ ಬಿಟ್ಟಾಗ ಕೇಂದ್ರದ ಹಿಂದಿನ ಗೋಡೆಗೆ ಟೆನಿಸ್ ಬಾಲ್ ಹೊಡೆಯತೊಡಗಿದೆ. ಬಾಲ್ ಬರುತ್ತೆ, ತಡೀಬೇಕು, ಹೊಡೀಬೇಕು. ಅಷ್ಟು ಹೊತ್ತು ತಲೆಯಲ್ಲಿ ತೋಟ ಇಲ್ಲ, ಜಮೀನಿನ ಆರ್‌ಟಿಸಿ ಇಲ್ಲ, ಸರ್ವೆಗೆ ಯಾವಾಗ ಬರ್ತಾರೋ ಅನ್ನೋ ಚಿಂತೆ ಇಲ್ಲ. ನನ್ನ ಹೆಂಡತಿಗೆ ಸಿಟ್ಟು ಬಂತು. ತಪ್ಪೇನಿಲ್ಲ. ನಾನು ಬಾಲ್ ಹೊಡೆಯುವಾಗ ದಾಖಲೆಗೆ ಕ್ಯೂ ನಿಂತವಳು ಅವಳು. ಮರುದಿನದಿಂದ ಬೆಳಿಗ್ಗೆ ಕ್ಯೂ ನನ್ನದು, ಸಂಜೆ ಅರ್ಧ ಗಂಟೆ ಆಟ.

ಯಾರನ್ನೂ ಕರೆಯಲಿಲ್ಲ, ಮಕ್ಕಳು ತಾವೇ ಬಂದರು. ಸ್ಟಿಕ್ ಸಾಲದೆ ಮರದ ಕೊಂಬೆ ಹಿಡಿದರು. ಗುಡುಗಿದರೆ ಸಾಕು, ಎಲ್ಲರೂ ನಿಂತಲ್ಲೇ ನಿಂತು ಗುಡ್ಡದ ಕಡೆ ನೋಡುತ್ತಿದ್ದರು. "ಏನಾಗಲ್ಲ" ಎನ್ನುವ ಧೈರ್ಯ ನನಗೂ ಇರಲಿಲ್ಲ. ಸುಮ್ನೆ ಜೊತೆಗೆ ನಿಲ್ಲುತ್ತಿದ್ದೆ. ಸದ್ದು ಅಡಗಿದ ಮೇಲೆ ಬಾಲ್ ಯಾರದು ಅಂತ ಜಗಳ ಶುರು.

ವಿಕೋಪ, ಆಮೇಲೆ ಕೊರೊನಾ ಅಂತ ನಿಂತುಹೋಗಿದ್ದ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆದಾಗ ಹೋಗಿ ನೋಡಿದೆ. ಆ ಜನ, ಆ ಕೂಗು ಚೆನ್ನಾಗಿತ್ತು. ಆದರೂ ನನಗೆ ಗೋಡೆಯೇ ಇಷ್ಟ.

ಈಗ ಕುಶಾಲನಗರದಲ್ಲಿ ಬಾಡಿಗೆ ಮನೆ. ಆಗಸ್ಟ್ ಮಳೆ ರಾತ್ರಿ ಜೋರಾದರೆ ಶೆಡ್ಡಿಗೆ ಹೋಗಿ ಬಾಲ್ ಹೊಡೆಯುತ್ತೇನೆ. ಒಳಗಿಂದ ಅವಳು ಕೇಳುತ್ತಾಳೆ, "ಎಷ್ಟಾಯ್ತ್ರೀ?"

"ಇಪ್ಪತ್ತಾರು."